ಅವ್ವ ಮರೆತ ಆರು ತಿಂಗಳು

ಬೇರೆಯವರ ನೆನಪನ್ನು ಟೈಪ್ ಮಾಡಿ ಹೊಟ್ಟೆ ಹೊರೆದುಕೊಂಡವನು ನಾನು. ಕೋರ್ಟಿನಲ್ಲಿ ಬೆರಳಚ್ಚುಗಾರ. ಕಟಕಟೆಯಲ್ಲಿ ನಿಂತವರು ತಾವು ಕಂಡದ್ದನ್ನು ಹೇಳುತ್ತಾರೆ, ಜಡ್ಜ್ ಸಾಹೇಬರು ಅದನ್ನು ನೆಟ್ಟಗೆ ಮಾಡಿ ಹೇಳುತ್ತಾರೆ, ನಾನು ಕೀಲಿಮಣೆ ಬಡಿಯುತ್ತೇನೆ. ಇಂಡಿಯಲ್ಲಿ ಕೆಲಸಕ್ಕೆ ಸೇರಿದಾಗ ಕಬ್ಬಿಣದ ಟೈಪ್‌ರೈಟರ್ ಇತ್ತು. ಬಸವನ ಬಾಗೇವಾಡಿಗೆ ವರ್ಗವಾದಾಗ ಕಂಪ್ಯೂಟರ್ ಬಂತು. ಸಿಂದಗಿಗೆ ಬರುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು. ಮೂರೂ ಊರುಗಳಲ್ಲಿ ನನ್ನ ಕುರ್ಚಿಯ ಜಾಗ ಒಂದೇ: ಸಾಹೇಬರ ಕೆಳಗೆ, ಸಾಕ್ಷಿಯ ಪಕ್ಕ. ಅಷ್ಟು ಹತ್ತಿರ ಕೂತು ಇಷ್ಟು ವರ್ಷ ಕೇಳಿದ ಮೇಲೆ, ಯಾರು ಸುಳ್ಳು ಹೇಳಲಿದ್ದಾರೆ ಎಂಬುದು ಅವರು ಗಂಟಲು ಸರಿಮಾಡಿಕೊಳ್ಳುವಾಗಲೇ ನನಗೆ ತಿಳಿಯುತ್ತದೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಕೋರ್ಟಿನಲ್ಲಲ್ಲ, ನನ್ನ ಮನೆಯಲ್ಲಿ.

ನಾನು ಮದುವೆಯಾಗಲಿಲ್ಲ. ಕೇಳಿದವರಿಗೆ ವರ್ಗಾವಣೆಯ ನೆಪ ಹೇಳುತ್ತಿದ್ದೆ. ಕೇಳುವವರು ಕಡಿಮೆಯಾದ ಮೇಲೆ ನೆಪವೂ ಬೇಕಾಗಲಿಲ್ಲ. ಅಪ್ಪ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ನಾನು ಬಾಗೇವಾಡಿಯಲ್ಲಿದ್ದಾಗ ತೀರಿಕೊಂಡ. ಅಲ್ಲಿಂದ ಮುಂದೆ ಅವ್ವ ನನ್ನ ಜೊತೆಗೇ ಇದ್ದಳು. ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ, ಹಿತ್ತಲಲ್ಲಿ ಒಂದು ಒಲೆ. ಕಂಡಕ್ಟರುಗಳು ಕಲಬುರಗಿ, ಕಲಬುರಗಿ ಎಂದು ಕೂಗುವುದು ಮನೆಯೊಳಗೇ ಕೇಳುತ್ತಿತ್ತು. ತೊಗರಿ ಸುಗ್ಗಿಯಲ್ಲಿ ಬಜಾರದ ಧೂಳು ನಮ್ಮ ಹಾಸಿಗೆಯ ಮೇಲೂ ಕೂರುತ್ತಿತ್ತು. ಅವ್ವ ಬೆಳಗಾದರೆ ಹಿತ್ತಲಲ್ಲಿ ಕೂತು ಜೋಳದ ರೊಟ್ಟಿ ಬಡಿದು ಬೀದಿ ಕೊನೆಯ ಖಾನಾವಳಿಗೆ ಕೊಡುತ್ತಿದ್ದಳು. ಬೇಡವೆಂದರೆ ಕೇಳುತ್ತಿರಲಿಲ್ಲ. ಕೈ ಸುಮ್ಮನಿದ್ದರೆ ಮೈ ನೋಯುತ್ತದೆ ಅನ್ನುತ್ತಿದ್ದಳು.

ಸಂಜೆ ನಾನು ಬಂದ ಕೂಡಲೇ ತಾಟು ಇಡುವಳು. ಉಂಡು ಕೈತೊಳೆದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ದಿನಕ್ಕೆ ನಮ್ಮಿಬ್ಬರ ನಡುವೆ ಹತ್ತು ಮಾತು ನಡೆದರೆ ಅದು ಹಬ್ಬ. ಆಗ ನನಗೆ ಅದು ಮೌನ ಅನ್ನಿಸುತ್ತಿರಲಿಲ್ಲ, ಶಾಂತಿ ಅನ್ನಿಸುತ್ತಿತ್ತು.

ಬಾಗಿಲ ಹಿಂದೆ ನಾನೊಂದು ಕಾದಂಬರಿ ಬರೆಯುತ್ತಿದ್ದೆ. ವೈಜ್ಞಾನಿಕ ಪತ್ತೇದಾರಿ ಕಾದಂಬರಿ. ನಗಬೇಡಿ, ಹನ್ನೊಂದು ವರ್ಷದಿಂದ ಬರೆಯುತ್ತಿದ್ದೆ. ಎಷ್ಟೋ ಕಾಲ ಮುಂದಿನ ಕಥೆ ಅದು. ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಒಂದು ಹಳ್ಳಿ, ಊರು ಬಿಡುವ ದಿನ ಅಲ್ಲಿ ನಡೆದ ಒಂದು ಕೊಲೆ. ಹೆಣ, ಮನೆ, ಹೆಜ್ಜೆಗುರುತು ಎಲ್ಲವೂ ನೀರಿನ ಕೆಳಗೆ. ಉಳಿದಿರುವುದು ಮುದುಕರ ನೆನಪು ಮಾತ್ರ. ನನ್ನ ಪತ್ತೇದಾರಿಣಿಯ ಹತ್ತಿರ ಒಂದು ಯಂತ್ರವಿದೆ, ನೆನಪಿನ ಟೊಪ್ಪಿಗೆ. ತಲೆಗೆ ತೊಡಿಸಿದರೆ ಆ ಮನುಷ್ಯ ಕಂಡದ್ದೆಲ್ಲ ಗೋಡೆಯ ಮೇಲೆ ಸಿನಿಮಾದಂತೆ ಮೂಡುತ್ತದೆ. ಟೊಪ್ಪಿಗೆ ತೊಟ್ಟವರು ಸುಳ್ಳು ಹೇಳಲಾರರು. ಈ ನಿಯಮ ನಾನು ಮಾಡಿದ್ದು, ದಿನವಿಡೀ ಸುಳ್ಳು ಟೈಪ್ ಮಾಡುವವನಿಗೆ ಅಷ್ಟೂ ಆಸೆ ಇರಬಾರದೇ?

ಕಥೆ ಒಂದೇ ಜಾಗದಲ್ಲಿ ನಿಂತುಬಿಟ್ಟಿತ್ತು. ಒಬ್ಬ ಮುದುಕಿಗೆ ಟೊಪ್ಪಿಗೆ ತೊಡಿಸಿಯಾಗಿದೆ. ಗೋಡೆಯ ಮೇಲೆ ಏನು ಮೂಡಬೇಕು? ನನಗೆ ಗೊತ್ತಿರಲಿಲ್ಲ. ನಮ್ಮ ಊರೂ ಆಲಮಟ್ಟಿಯ ಹಿನ್ನೀರಿಗೆ ಹೋದದ್ದೇ. ಊರು ಬಿಟ್ಟ ದಿನ ನಾನು ಇಂಡಿಯಲ್ಲಿದ್ದೆ. ರಜೆ ಸಿಗಲಿಲ್ಲ ಎಂದು ಮನೆಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ರಜೆ ಕೇಳಿರಲಿಲ್ಲ. ಆ ದಿನ ಏನಾಯಿತೆಂದು ಆಮೇಲೂ ಅವ್ವನನ್ನು ಕೇಳಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ಅಂದರೆ ನಾನೇ.

ಹೀಗಿರುವಾಗ ನಮ್ಮ ಬೀದಿಯ ಸಮುದಾಯ ಭವನದಲ್ಲಿ ವಯಸ್ಸಾದವರಿಗೆ ನೆನಪಿನ ತಪಾಸಣೆ ನಡೆಯುತ್ತದೆ, ಯಂತ್ರ ತರುತ್ತಾರೆ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ಅವ್ವನ ನೆನಪಿಗೆ ಏನೂ ಆಗಿರಲಿಲ್ಲ. ಒಮ್ಮೆ ಹಾಲು ಉಕ್ಕಿಸಿದ್ದಳು, ಒಮ್ಮೆ ಚಾವಿ ಒಳಗೇ ಬಿಟ್ಟು ಬಾಗಿಲು ಎಳೆದಿದ್ದಳು; ನಾನು ಅದನ್ನು ವಾರಕ್ಕೊಂದು ಸಲ ಮಾಡುತ್ತೇನೆ. ನನಗೆ ಬೇಕಾಗಿದ್ದುದು ಯಂತ್ರವನ್ನು ನೋಡುವುದು. ಅದಕ್ಕಾಗಿ ಅವ್ವನಿಗೆ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದೆ.

ಯಂತ್ರವೆಂದರೆ ಒಂದು ಟ್ಯಾಬು, ಒಂದು ಜೊತೆ ಕಿವಿಯಂತ್ರ. ಟೊಪ್ಪಿಗೆಯೇನೂ ಇರಲಿಲ್ಲ. ಟ್ಯಾಬಿನೊಳಗಿನ ಹೆಣ್ಣು ದನಿ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಿತ್ತು. ಪಕ್ಕದಲ್ಲಿ ಒಂದು ಹಸಿರು ಉಂಗುರ ತಿರುಗುತ್ತಿತ್ತು. ಉತ್ತರ ಬರದೆ ಹೋದರೆ ಅದು ಹಳದಿಯಾಗಿ, ಆಮೇಲೆ ಕೆಂಪಾಗಿ ನಿಲ್ಲುತ್ತಿತ್ತು. ನಡೆಸುತ್ತಿದ್ದವಳು ದಕ್ಷಿಣದ ಕಡೆಯ ಹುಡುಗಿ, ಮೃದು ಸ್ವಭಾವದವಳು. ನಾನು ಅವಳ ಹಿಂದೆ ನಿಂತು, ಉಂಗುರ ಎಷ್ಟು ಹೊತ್ತಿಗೆ ಬಣ್ಣ ಬದಲಿಸುತ್ತದೆ ಎಂದು ಕೈಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಕಾದಂಬರಿಗೆ ಬೇಕಲ್ಲ.

ವಾರ, ತಿಂಗಳು ಎಲ್ಲ ಅವ್ವ ಸರಿಯಾಗಿಯೇ ಹೇಳಿದಳು. ಗಂಡನ ಹೆಸರು ಹೇಳಿ ಎಂದಿತು ದನಿ. ಅವ್ವ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಳು. ಉಂಗುರ ಕೆಂಪಾಯಿತು. ಮಾವನ ಹೆಸರು ಕೇಳಿತು. ಮತ್ತೆ ಸುಮ್ಮನೆ. ಮತ್ತೆ ಕೆಂಪು. ಗಂಡನ ಊರು ಯಾವುದು ಎಂದಿತು. ಅವ್ವ ಆ ಹುಡುಗಿಯ ಕಡೆ ತಿರುಗಿ, ಊರಿಲ್ಲ ಯವ್ವಾ, ಅಂದಳು. ಯಂತ್ರಕ್ಕೆ ಅದು ಉತ್ತರ ಅನ್ನಿಸಲಿಲ್ಲ. ಹುಡುಗಿ ಬೇಸರದಿಂದ ತುಟಿ ಕಚ್ಚಿದಳು. ಕೊನೆಗೆ ಪರದೆಯ ಮೇಲೆ ಒಂದು ಸಪ್ಪೆ ಮುಖ ಮೂಡಿತು.

ಆ ಹುಡುಗಿ ನನ್ನನ್ನು ಬದಿಗೆ ಕರೆದು ಹೇಳಿದಳು: ಗಾಬರಿ ಬೇಡ, ಆದರೆ ತೀರ ಹತ್ತಿರದವರ ಹೆಸರು ಮರೆತಿದ್ದಾರೆ, ಅದು ಒಳ್ಳೆಯ ಲಕ್ಷಣವಲ್ಲ. ಬೆಂಕಿಯ ಹತ್ತಿರ ಒಬ್ಬರನ್ನೇ ಬಿಡಬೇಡಿ. ದಿನಾ ಸಂಜೆ ಪಕ್ಕದಲ್ಲಿ ಕೂತು ಹಳೆಯ ಮಾತು ಕೇಳಿ, ನೆನಪು ಹಿಡಿದಿಡಲು ಅದೇ ಔಷಧಿ. ಆರು ತಿಂಗಳಿಗೆ ಮತ್ತೆ ಬರುತ್ತೇವೆ, ಆಗಲೂ ಹೀಗೇ ಬಂದರೆ ವಿಜಯಪುರಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಮನೆಗೆ ಬರುವಾಗ ಅವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ತೋಳು ಹಿಡಿದುಕೊಂಡಿದ್ದೆ. ಅವಳು ನನ್ನ ಕೈ ನೋಡಿದಳು, ಬಾಯಿ ಮುಚ್ಚಿದಳು. ನಾನು ಅವಳ ತೋಳು ಹಿಡಿದು ರಸ್ತೆ ದಾಟಿಸಿದ್ದು ಅದೇ ಮೊದಲು.

ಮರುದಿನವೇ ರೊಟ್ಟಿಯ ಹಂಚನ್ನು ಅಟ್ಟದ ಮೇಲೆ ಎತ್ತಿಟ್ಟೆ. ಹಿತ್ತಲ ಒಲೆಯ ಬಾಯಿಗೆ ಕಲ್ಲು ಇಟ್ಟೆ. ಕೋರ್ಟಿಗೆ ಹೋಗುವಾಗ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಖಾನಾವಳಿಯವಳಿಗೆ ಹೋಗಿ, ಇನ್ನು ಅವ್ವ ರೊಟ್ಟಿ ಕೊಡುವುದಿಲ್ಲ, ನೀವೇ ನಮಗೆ ಕೊಡಿ ಎಂದೆ. ಆ ರೊಟ್ಟಿ ಬಂದ ದಿನ ಅವ್ವ ಅದನ್ನು ಮುರಿದು ನೋಡಿ, ನಡುವೆ ಹಸಿ ಇದೆ ಅಂದಳು. ಹಾಗೆಂದು ತಿನ್ನದೆ ಇರಲಿಲ್ಲ. ಕೆಲಸ ಕಿತ್ತುಕೊಂಡದ್ದಕ್ಕೆ ಜಗಳವಾಡುತ್ತಾಳೆ ಎಂದು ನಾನು ಸಿದ್ಧನಾಗಿದ್ದೆ. ಆಡಲಿಲ್ಲ. ಪಾಪ, ಜಗಳವಾಡುವುದನ್ನೂ ಮರೆತಳು ಎಂದುಕೊಂಡೆ.

ಸಂಜೆಗಳು ಬದಲಾದವು. ಊಟವಾದ ಮೇಲೆ ಒಳಕೋಣೆಗೆ ಹೋಗುವ ಬದಲು ಅವ್ವನ ಪಕ್ಕ ಚಾಪೆಯ ಮೇಲೆ ಕೂರತೊಡಗಿದೆ, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಚಾಳಿ ಬಿಡಬೇಕಲ್ಲ: ತಾರೀಖು ಹಾಕಿ, ಮುಖ್ಯ ವಿಚಾರಣೆ ಆರಂಭ ಏಳು ಗಂಟೆ ಹತ್ತು ನಿಮಿಷ ಎಂದು ಬರೆಯುತ್ತಿದ್ದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದೆ. ಪೂರ್ತಿ ಪುಣ್ಯದ ಕೆಲಸವೇನಲ್ಲ. ಅರ್ಧ ಅವ್ವನ ನೆನಪಿಗಾಗಿ, ಅರ್ಧ ನನ್ನ ಮುದುಕಿಯ ಅಧ್ಯಾಯಕ್ಕಾಗಿ. ಆಗ ಅರ್ಧ ಅರ್ಧ ಎಂದೇ ಹೇಳಿಕೊಳ್ಳುತ್ತಿದ್ದೆ, ಈಗ ಆ ಲೆಕ್ಕದ ಮೇಲೆ ನನಗೆ ನಂಬಿಕೆಯಿಲ್ಲ.

ಅವ್ವ ಹೇಳತೊಡಗಿದಳು. ಹೊಳೆ, ಹೊಳೆಯ ದಂಡೆಯ ಸವತೆಕಾಯಿ, ಅತ್ತೆಯ ಬಾಯಿ, ಅಪ್ಪ ಮೊದಲ ಸಲ ಬಾಗೇವಾಡಿಗೆ ಕರೆದೊಯ್ದು ಬಳೆ ಇಡಿಸಿದ್ದು. ಹೇಳುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ನಡುವೆ ಮಾತ್ರ ತಟ್ಟನೆ ಮರೆತುಬಿಡುತ್ತಿದ್ದಳು. ಊರು ಬಿಟ್ಟ ದಿನದ ಕಥೆಯನ್ನೇ ನೋಡಿ. ಮನೆಯ ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದಾರೆ. ಟ್ರ್ಯಾಕ್ಟರ್ ದಿನ್ನೆ ಹತ್ತಿದೆ. ಅಷ್ಟರಲ್ಲಿ ಅವ್ವನಿಗೆ ರೊಟ್ಟಿಯ ಹಂಚು ಒಲೆಯ ಮೇಲೇ ಉಳಿದದ್ದು ನೆನಪಾಗಿದೆ. ಯಾರಿಗೂ ಹೇಳದೆ ಹಿಂದಿನಿಂದ ಇಳಿದು ಒಬ್ಬಳೇ ವಾಪಸು ನಡೆದಿದ್ದಾಳೆ. ಕೆಳಗಿನ ಓಣಿಗೆ ಪಾದ ಮುಳುಗುವಷ್ಟು ನೀರು ಬಂದಿದೆ. ಊರಲ್ಲಿ ನರಪಿಳ್ಳೆಯಿಲ್ಲ. ಮನೆಯೊಳಗೆ ಕಾಲಿಟ್ಟರೆ ಕತ್ತಲಲ್ಲಿ ಗೋಡೆಗೆ ಕೈ ಆನಿಸಿ ಒಬ್ಬರು ನಿಂತಿದ್ದಾರೆ.

ಯಾರು ಎಂದು ಕೇಳಿದೆ. ಅವ್ವ ಹಣೆ ಒತ್ತಿಕೊಂಡಳು.

“ಯಾರಿದ್ರಪಾ... ನೆನಪಾಗವಲ್ದು ತಮ್ಮಾ. ನಾಳೆ ಬಂದೀತು.”

ಮೂರು ಸಂಜೆ ನಾನು ಕದಲಲಿಲ್ಲ. ಯಾರಿದ್ದರು, ಗಂಡಸೋ ಹೆಂಗಸೋ, ಕೈಯಲ್ಲಿ ಏನಿತ್ತು ಎಂದು ನೆನಪಿಸಲು ನೂರು ದಾರಿಯಲ್ಲಿ ಕೇಳಿದೆ. ನಾಲ್ಕನೆಯ ಸಂಜೆ ಅವಳಿಗೆ ನೆನಪಾಯಿತು. ನಿಂತಿದ್ದವನು ಅಪ್ಪ. ಅವನೂ ಯಾರಿಗೂ ಹೇಳದೆ ಇನ್ನೊಂದು ದಾರಿಯಿಂದ ಬಂದಿದ್ದ. ಏನು ತೆಗೆದುಕೊಳ್ಳಲು ಬಂದಿದ್ದ ಎಂದು ಅವ್ವ ಕೇಳಲಿಲ್ಲ, ಅವನು ಹೇಳಲಿಲ್ಲ. ಅವಳು ಹಂಚು ಎತ್ತಿಕೊಂಡಳು, ಅವನು ಬರಿಗೈಯಲ್ಲಿ ಹೊರಬಂದ, ಇಬ್ಬರೂ ನೀರಿನಲ್ಲಿ ನಡೆದುಕೊಂಡು ಟ್ರ್ಯಾಕ್ಟರಿಗೆ ಹೋದರು. ಅದೇ ಹಂಚನ್ನು ನಾನು ಅಟ್ಟಕ್ಕೆ ಎಸೆದಿದ್ದೆ. ಇಳಿಸಿ ಕೊಡಬೇಕೆನ್ನಿಸಿತು, ಬೆಂಕಿಯ ಭಯದಿಂದ ಸುಮ್ಮನಾದೆ. ಮರುದಿನ ಆ ಕಥೆಯನ್ನು ಕಾದಂಬರಿಯಲ್ಲಿ ಸೇರಿಸಲು ಹೋಗಿ, ಗೋಡೆಗೆ ಕೈ ಆನಿಸಿ ನಿಂತವನನ್ನು ಕೊಲೆಗಾರನನ್ನಾಗಿ ಮಾಡಿದೆ. ಹೆತ್ತಪ್ಪನನ್ನು ಕೊಲೆಗಾರ ಮಾಡಿದ ಲೇಖಕ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹೀಗೆ ಐದು ತಿಂಗಳು ಕಳೆದವು. ಆಮೇಲೆ ಮುದ್ದೇಬಿಹಾಳದ ಬೆರಳಚ್ಚುಗಾರರು ದೀರ್ಘ ರಜೆ ಹಾಕಿದ್ದರಿಂದ ವಾರಕ್ಕೆ ಮೂರು ದಿನ ನನ್ನನ್ನು ಅಲ್ಲಿಗೆ ಹಾಕಿದರು. ತಾಳಿಕೋಟೆ ಮೇಲಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಖಾನಾವಳಿಯವಳಿಗೆ ಅವ್ವನ ಮೇಲೆ ಕಣ್ಣಿಡಲು ಹೇಳಿದ್ದೆ. ಎಷ್ಟೇ ದಣಿದು ಬಂದರೂ ಸಂಜೆಯ ವಿಚಾರಣೆ ತಪ್ಪಿಸಲಿಲ್ಲ.

ಅಲ್ಲಿ ಒಂದು ದಿನ ಎಮ್ಮೆ ಕಳವಿನ ಪ್ರಕರಣ. ಸಾಕ್ಷಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು, ಅವ್ವನ ವಯಸ್ಸಿನವಳು. ಹೆಸರು ಹೇಳಿದಳು. ಗಂಡನ ಹೆಸರು ಕೇಳಿದಾಗ ತಲೆ ತಗ್ಗಿಸಿ ನಿಂತಳು. ಸಾಹೇಬರು ನನ್ನ ಕಡೆ ನೋಡಿದರು. ನಾನು ಕಾಗದ ನೋಡಿ ಹೆಸರನ್ನು ಓದಿ, ಹೌದಲ್ಲವಾ ಎಂದು ಅವಳನ್ನು ಕೇಳಿದೆ. ಅವಳು ತಲೆಯಾಡಿಸಿದಳು, ನಾನು ಟೈಪ್ ಮಾಡಿದೆ. ಇದೇನು ಹೊಸದಲ್ಲ. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಮಾವನ ಹೆಸರನ್ನೂ ತರುವುದಿಲ್ಲ. ಮದುವೆ ಮುಂಜಿಯಲ್ಲಿ ಎಲ್ಲರೂ ಗಂಟುಬಿದ್ದರೆ ಒಡಪು ಕಟ್ಟಿ ಹಾಡಿನ ನಡುವೆ ತೇಲಿಸಿ ಹೇಳಿ ನಾಚಿಕೊಳ್ಳುತ್ತಾರೆ ಅಷ್ಟೇ. ಇಂಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ಗುಮಾಸ್ತರು ನನಗೆ ಕಲಿಸಿದ ಮೊದಲ ಪಾಠ ಇದು: ಹೆಂಗಸರಿಗೆ ಗಂಡನ ಹೆಸರು ಕೇಳಬೇಡ, ನೀನೇ ಹೇಳಿ ಹೌದೇನು ಅನ್ನು.

ಆ ಹೆಂಗಸು ಎಮ್ಮೆಯ ಕೋಡು ಹೇಗಿತ್ತೆಂದು ಹೇಳತೊಡಗಿದಳು. ನನ್ನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟವು. ಸಾಹೇಬರು ಒಂದು ಸಾಲನ್ನು ಎರಡು ಸಲ ಹೇಳಬೇಕಾಯಿತು.

ಯಂತ್ರ ಕೇಳಿದ್ದು ಗಂಡನ ಹೆಸರು, ಮಾವನ ಹೆಸರು, ನೀರಲ್ಲಿ ಮುಳುಗಿದ ಒಂದು ಊರಿನ ಹೆಸರು. ಪರ ಊರಿನ ಹುಡುಗಿಗೆ ಗೊತ್ತಿರಲಿಲ್ಲ, ಅವಳದೇನೂ ತಪ್ಪಿಲ್ಲ. ನೂರಾರು ಹೆಂಗಸರ ಪರವಾಗಿ ಅವರ ಗಂಡಂದಿರ ಹೆಸರು ಹೇಳಿದ ನಾನು, ನನ್ನ ಅವ್ವನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಬಸ್ಸಿನಲ್ಲಿ ಕೂತಾಗ ಮೊದಲು ನಾಚಿಕೆಯಾಯಿತು. ತಾಳಿಕೋಟೆ ದಾಟುವ ಹೊತ್ತಿಗೆ ಅದರ ಜಾಗದಲ್ಲಿ ಪತ್ತೇದಾರ ಎದ್ದು ಕೂತಿದ್ದ. ಅವ್ವ ಅಲ್ಲಿ ಯಂತ್ರದ ಮುಂದೆ ಮರೆತಿರಲಿಲ್ಲ, ಸರಿ. ಹಾಗಾದರೆ ಈ ಐದು ತಿಂಗಳು ಸಂಜೆ ಸಂಜೆ ಮರೆಯುತ್ತಿದ್ದುದು ಏನು?

ಮನೆಗೆ ಬಂದವನೇ ಅಷ್ಟರಲ್ಲಿ ತುಂಬಿದ್ದ ಮೂರೂ ನೋಟ್‌ಬುಕ್ಕು ತೆಗೆದು ಕೂತೆ. ಅವ್ವ ಊಟಕ್ಕೆ ಕರೆದಳು, ತಡೆ ಎಂದೆ. ಪ್ರತಿ ಸಂಜೆಯ ಶುರು, ಮುಗಿತಾಯದ ಹೊತ್ತು ನನ್ನದೇ ಅಕ್ಷರದಲ್ಲಿತ್ತು. ಅವ್ವ ಮರೆತ ಜಾಗಗಳ ಕೆಳಗೆ ಗೆರೆ ಎಳೆಯುತ್ತ ಹೋದೆ. ಶುರುವಿನಲ್ಲಿ ಒಂದು ಸಲವೂ ಮರೆತಿಲ್ಲ. ನಡುವಿನಲ್ಲೂ ಇಲ್ಲ. ಎಂಟು ಗಂಟೆಯ ಸುಮಾರಿಗೆ, ನಾನು ಪೆನ್ನು ಮುಚ್ಚುವ ಹೊತ್ತಿಗೆ, ಎಲ್ಲಿ ನಿಲ್ಲಿಸಿದರೆ ಕೇಳುವವನು ಏಳಲಾರನೋ ಅಲ್ಲಿ ಮರೆತಿದ್ದಾಳೆ. ಬಾವಿಯಲ್ಲಿ ಏನು ತೇಲುತ್ತಿತ್ತು, ಮರೆತೆ. ಅತ್ತೆ ಸಾಯುವಾಗ ಕಿವಿಯಲ್ಲಿ ಏನು ಹೇಳಿದಳು, ಮರೆತೆ. ಗೋಡೆಗೆ ಕೈ ಆನಿಸಿ ನಿಂತದ್ದು ಯಾರು, ಮರೆತೆ. ಮರುದಿನವೋ ನಾಲ್ಕನೆಯ ದಿನವೋ ಎಲ್ಲವೂ ನೆನಪಾಗಿದೆ, ಒಂದು ಎಳೆಯೂ ತಪ್ಪದ ಹಾಗೆ. ಹನ್ನೊಂದು ವರ್ಷದಿಂದ ರೋಚಕ ಕಾದಂಬರಿ ಬರೆಯುತ್ತೇನೆಂದು ಕೂತವನಿಗೆ ಹೊಳೆಯದ ವಿದ್ಯೆಯನ್ನು ಅಕ್ಷರ ಬಾರದ ಅವ್ವ ಚಾಪೆಯ ಮೇಲೆ ಕೂತು ನಡೆಸಿದ್ದಳು.

ನನಗೆ ಆದ ಸಂತೋಷ ಹೇಳತೀರದು. ಅವ್ವನ ತಲೆ ನೆಟ್ಟಗಿದೆ ಎಂಬುದಕ್ಕೆ ಆದ ಸಂತೋಷ ಅದರಲ್ಲಿ ಎಷ್ಟು, ಸುಳ್ಳು ಹಿಡಿದೆ ಎಂಬುದಕ್ಕೆ ಎಷ್ಟು ಎಂದು ಕೇಳಬೇಡಿ. ನೋಟ್‌ಬುಕ್ಕು ಹಿಡಿದುಕೊಂಡೇ ಹೊರಗೆ ಬಂದೆ. ಅವ್ವ ತಾಟು ಮುಂದಿಟ್ಟುಕೊಂಡು ಕಾಯುತ್ತಿದ್ದಳು. ನಾನು ನಿಂತೇ ಪಾಟಿ ಸವಾಲು ಶುರುಮಾಡಿದೆ.

“ಅವ್ವಾ, ಅವತ್ತ ಆ ಹುಡುಗಿ ಮುಂದ ಅಪ್ಪನ ಹೆಸರು ಹೇಳಲಿಲ್ಲಲ್ಲ. ಖರೇನ ಮರತಿದ್ದಿಯೇನು?”

ಅವ್ವ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. “ಗಂಡನ ಹೆಸರು ಹೆಂಗ ಹೇಳಲಿ? ಅದೂ ಅಷ್ಟು ಮಂದಿ ಮುಂದ.”

ಅಷ್ಟಕ್ಕೇ ಬಿಡಲಿಲ್ಲ ನಾನು. ಗೆರೆ ಎಳೆದ ಸಾಲುಗಳನ್ನು ಒಂದೊಂದಾಗಿ ಓದಿದೆ. ಇಷ್ಟನೇ ತಾರೀಖು, ಎಂಟು ಗಂಟೆ, ನಾನು ಏಳಲು ಹೋದೆ, ನೀನು ಮರೆತೆ. ಇಷ್ಟನೇ ತಾರೀಖು, ಎಂಟಕ್ಕೆ ಐದು ನಿಮಿಷ, ಮತ್ತೆ ಮರೆತೆ. ಸಾಕ್ಷಿ ಸಿಕ್ಕಿಬಿದ್ದಾಗ ವಕೀಲರು ಮೂಗಿನ ಮೇಲೆ ಕನ್ನಡಕ ಏರಿಸಿಕೊಳ್ಳುತ್ತಾರಲ್ಲ, ನಾನೂ ಏರಿಸಿಕೊಂಡೆ. ಅವ್ವ ತಾಟಿನ ಅಂಚನ್ನು ಬೆರಳಿನಿಂದ ಒರೆಸುತ್ತ ಕೇಳಿದಳು. ಸಿಕ್ಕಿಬಿದ್ದವರ ಹಾಗೆ ತಡಬಡಿಸಲಿಲ್ಲ. ಕೆಲಸ ಬಿಡಿಸಿದಾಗ, ಹಂಚು ಎತ್ತಿಟ್ಟಾಗಲೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಬೇಕಂತಿದ್ದೆ. ನೀ ಕೈ ಹಿಡದು ರಸ್ತೆ ದಾಟಿಸಿದಿ, ಹೇಳಾಕ ಬಾಯಿ ಬರಲಿಲ್ಲ. ಆಮ್ಯಾಲ ದಿನಾ ಬಾಜೂಕ ಬಂದು ಕುಂತಿ.” ಮತ್ತೆ ಅಂದಳು, “ಎಲ್ಲಾ ನೆನಪೈತಿ ಅಂದಿದ್ರ ಎದ್ದು ಒಳಗ ಹೋಗತಿದ್ದಿ. ಅಷ್ಟ ನೋಡಪ್ಪ.”

ನಾನು ಕೂತೆ. ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಮನೆಯಲ್ಲಿ ಇದ್ದೇವೆ, ಅವಳಿಗೆ ನನ್ನನ್ನು ಪಕ್ಕಕ್ಕೆ ಕರೆಯಲು ಬೇರೆ ದಾರಿ ಸಿಕ್ಕಿರಲಿಲ್ಲ. ತನ್ನ ರೊಟ್ಟಿ, ತನ್ನ ಒಲೆ, ತನ್ನ ಬುದ್ಧಿ ನೆಟ್ಟಗಿದೆ ಎಂಬ ಮಾನ, ಮೂರನ್ನೂ ಕೊಟ್ಟು ದಿನಕ್ಕೆ ಒಂದು ತಾಸು ನನ್ನನ್ನು ಕೂರಿಸಿಕೊಂಡಿದ್ದಳು. ಇನ್ನು ಮೇಲೆ ನೀನು ಮರೆಯಬೇಕಾಗಿಲ್ಲ, ಸುಮ್ಮನೆ ಕರೆ, ನಾನು ಬರುತ್ತೇನೆ ಎಂದೆ. ಆ ಮಾತು ಆಡುವಾಗ ನನ್ನ ಕಣ್ಣಲ್ಲಿ ನೀರಿತ್ತು. ಸುಳ್ಳಾಡುವ ಉದ್ದೇಶವೂ ಇರಲಿಲ್ಲ. ಅವ್ವ ತಾಟನ್ನು ನನ್ನ ಕಡೆ ಸರಿಸಿ, ಉಣ್ಣು, ಆರಿ ಹೋಗಿದೆ ಅಂದಳು.

ಮರುದಿನ ಹಂಚು ಇಳಿಸಿಕೊಟ್ಟೆ, ಒಲೆಯ ಬಾಯಿಯ ಕಲ್ಲು ತೆಗೆದೆ, ರೆಗ್ಯುಲೇಟರನ್ನು ಅದರ ಜಾಗಕ್ಕೆ ಹಾಕಿದೆ. ಮುಂದಿನ ತಿಂಗಳು ಶಿಬಿರದವರು ಬಂದಾಗ ನಾನೇ ಪಕ್ಕದಲ್ಲಿ ಕೂತು ಹೆಸರು ಹೇಳಿದೆ, ಅವ್ವ ತಲೆಯಾಡಿಸಿದಳು. ಆ ಹುಡುಗಿ ಬಿದ್ದು ಬಿದ್ದು ನಕ್ಕಳು. ಪರದೆಯ ಮೇಲೆ ನಗುಮುಖ ಮೂಡಿತು. ಖಾನಾವಳಿಗೆ ಮತ್ತೆ ಅವ್ವನ ರೊಟ್ಟಿ ಹೋಗತೊಡಗಿತು. ಎಲ್ಲ ಸರಿಮಾಡಿದೆ ಎಂದು ನಾನು ಬೀಗಿದೆ.

ಆದರೆ ಅವ್ವನ ಸುಳ್ಳು ನನ್ನ ತಲೆಯೊಳಗೆ ಹೊಕ್ಕುಬಿಟ್ಟಿತ್ತು. ಹನ್ನೊಂದು ವರ್ಷದಿಂದ ನಿಂತಿದ್ದ ಅಧ್ಯಾಯ ಅದರಿಂದ ತೆರೆದುಕೊಂಡಿತು. ಟೊಪ್ಪಿಗೆ ತೊಟ್ಟವರು ಸುಳ್ಳು ಹೇಳಲಾರರು, ನಿಜ. ಬೇಕೆಂದೇ ಮರೆತರೆ? ಮುದುಕಿ ಎಲ್ಲವನ್ನೂ ಬಲ್ಲಳು, ಗೋಡೆಯ ಮೇಲೆ ಮಾತ್ರ ಏನೂ ಮೂಡುತ್ತಿಲ್ಲ. ಪತ್ತೇದಾರಿಣಿ ದಿನಾ ಅವಳ ಮನೆಗೆ ಬಂದು ಕೂರಬೇಕು. ಇಂಥ ತಿರುವು ಬಿಟ್ಟರೆ ಸಿಕ್ಕೀತೇ? ಎರಡು ಸಂಜೆ ಮಾತು ಕೊಟ್ಟಂತೆ ಅವ್ವನ ಪಕ್ಕ ಕೂತೆ. ಅವಳೇನೋ ಹೇಳುತ್ತಿದ್ದಳು, ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಮೂರನೆಯ ಸಂಜೆ, ಇವತ್ತೊಂದು ದಿನ ಬರೆದುಬಿಡುತ್ತೇನೆ ಎಂದೆ. ಬರಿ ಅಂದಳು. ನನಗೆ ಬಸ್ಸುಗಳ ಗದ್ದಲ ಕೇಳಬಾರದೆಂದು ಬಾಗಿಲನ್ನು ಹೊರಗಿನಿಂದ ಅವಳೇ ಎಳೆದುಕೊಂಡಳು. ಅಂಥ ಒಂದೊಂದೇ ದಿನ ಸೇರಿ ಒಂದು ವರ್ಷವಾಯಿತು.

ಕಾದಂಬರಿ ಮುಗಿಯಿತು. ಅಚ್ಚಾಗಲಿಲ್ಲ, ಅದು ಬೇರೆ ಮಾತು. ಅವ್ವ ಹೋಗಿ ಈಗ ಎರಡು ವರ್ಷ. ನಾನು ಕೋರ್ಟಿನಲ್ಲಿದ್ದಾಗ, ಒಂದು ಮಧ್ಯಾಹ್ನ, ಹಿತ್ತಲ ಗೋಡೆಗೆ ಒರಗಿ ಕೂತಲ್ಲೇ ಹೋದಳು. ಈಗ ಸಂಜೆ ಮನೆಗೆ ಬಂದರೆ ಒಳಕೋಣೆಗೆ ಹೋಗಬೇಕೆನ್ನಿಸುವುದಿಲ್ಲ. ಹೊರಗಿನ ಕೋಣೆಯಲ್ಲಿ ಕೂರುತ್ತೇನೆ. ಮಾತಾಡಲು ಯಾರೂ ಇಲ್ಲ. ಬಹಳ ಬೇಜಾರಾಗುತ್ತದೆ.

ಆ ವರ್ಷದ ಒಂದು ಸಂಜೆ ಮಾತ್ರ ನನ್ನನ್ನು ಬಿಡುವುದಿಲ್ಲ. ಕೊನೆಯ ಅಧ್ಯಾಯದಲ್ಲಿದ್ದೆ. ಬಾಗಿಲು ಸ್ವಲ್ಪ ತೆರೆದ ಸಪ್ಪಳವಾಯಿತು. ಅವ್ವ ಅಲ್ಲೇ ನಿಂತು ಅಂದಳು:

“ತಮ್ಮಾ, ಸಕ್ರಿ ಡಬ್ಬಿ ಎಲ್ಲಿಟ್ಟೇನಿ, ನೆನಪಾಗವಲ್ದು.”

ನನಗೆ ನಗು ಬಂತು. ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆಯೇ, ನಾಟಕ ಸಾಕು ಬಿಡವ್ವಾ, ನಿನ್ನ ವಿದ್ಯೆ ನನಗೆ ಗೊತ್ತು ಎಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಅಲ್ಲಿಂದ ಮುಂದೆ ಸಾಯುವವರೆಗೂ ಏನನ್ನೂ ಮರೆತೆ ಎಂದು ನನ್ನ ಮುಂದೆ ಹೇಳಲಿಲ್ಲ. ಆ ಸಂಜೆ ನನ್ನನ್ನು ಕರೆಯಲು ಬಂದಿದ್ದಳೋ, ನಿಜವಾಗಿಯೂ ಮರೆತಿದ್ದಳೋ, ನನಗೆ ಗೊತ್ತಿಲ್ಲ. ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ತಿರುಗಿ ನೋಡಲಿಲ್ಲ.